ಮಾವಿನ ಮರ ಆಕಾಶದೊಳಗೆ ಸೇರುತ್ತಿಲ್ಲವೇಕೆ?

ಪ್ರಶ್ನೆ: ಶ್ರೀನಿವಾಸಪುರದ ಹತ್ತಿರ ನಮ್ಮದೊಂದು ಮಾವಿನ ತೋಪಿದೆ. ಫೋನಿನ ಫೋಟೊ ನೋಡಿಕೊಂಡು ಅದನ್ನು ಆಯಿಲ್ ಬಣ್ಣದಲ್ಲಿ ಬರೆಯುತ್ತಿದ್ದೇನೆ. ಮೊದಲು ಆಕಾಶ ಮುಗಿಸಿ, ಒಣಗಿದ ಮೇಲೆ ಮರ ಬರೆಯುತ್ತೇನೆ. ಒಂದೊಂದು ಎಲೆ ಬಿಡಿಸಿದರೂ ಮರ ಕತ್ತರಿಸಿ ಅಂಟಿಸಿದ ಹಾಗಿರುತ್ತದೆ, ಹಸಿರು ಕಣ್ಣಿಗೆ ರಾಚುತ್ತದೆ. ಚಿತ್ರಕ್ಕೆ ಭಾವ ತರುವುದು ಹೇಗೆ?
– ಓದುಗರೊಬ್ಬರು, ಕೋಲಾರ ಜಿಲ್ಲೆ

ಉತ್ತರ: ತೊಂದರೆ ಇರುವುದು ಮರವೂ ಆಕಾಶವೂ ಕೂಡುವ ಅಂಚಿನಲ್ಲಿ. ಒಣಗಿದ ಆಕಾಶದ ಮೇಲೆ ಮರ ಬರೆದರೆ ಎರಡು ಬಣ್ಣ ಬೆರೆಯುವುದೇ ಇಲ್ಲ, ಅಂಚು ಸುತ್ತಲೂ ಒಂದೇ ಸಮ ಚೂಪಾಗುತ್ತದೆ. ಆಯಿಲ್ ಬಣ್ಣ ಬೇಗ ಒಣಗದಿರುವುದು ಮರ ಬರೆಯುವವರಿಗೆ ದೊಡ್ಡ ಅನುಕೂಲ. ಎರಡನ್ನೂ ಹಸಿಯಾಗಿರುವಾಗಲೇ ಜೊತೆಜೊತೆಗೆ ಬರೆಯಿರಿ.

ಬರ್ನ್ಟ್ ಸಿಯೆನ್ನಾಕ್ಕೆ ಟರ್ಪೆಂಟೈನ್ ಬೆರೆಸಿ ಕ್ಯಾನ್ವಾಸಿಗೆಲ್ಲ ತೆಳ್ಳಗೆ ಬಳಿದು, ಬಟ್ಟೆಯಿಂದ ಒರೆಸಿ. ಈ ಕೆಮ್ಮಣ್ಣಿನ ಬಣ್ಣ ಅಲ್ಲಲ್ಲಿ ಇಣುಕಿದರೆ ಹಸಿರಿನ ರಾಚು ತಗ್ಗುತ್ತದೆ. ಆಮೇಲೆ ಕಣ್ಣು ಅರ್ಧ ಮುಚ್ಚಿ ಮರ ನೋಡಿ. ಎಲೆಗಳು ಮಾಯವಾಗಿ ಮೂರು ನಾಲ್ಕು ನೆರಳಿನ ಗುಂಪು ಉಳಿಯುತ್ತವೆ. ಅವನ್ನು ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಬೆರೆಸಿದ ಗಾಢ ಬಣ್ಣದಲ್ಲಿ ಇಡಿ. ಆಕಾಶದ ಬಣ್ಣವನ್ನು ಹೊರಗಿನಿಂದ ಮರದೊಳಕ್ಕೆ ಒತ್ತಿ, ಎಲೆಯ ಬಣ್ಣವನ್ನು ಆಕಾಶಕ್ಕೆ ಎಳೆಯಿರಿ. ಗಾಳಿ ಬೀಸುವ ಕಡೆ ಅಂಚು ಕರಗಲಿ, ಬಿಸಿಲು ಬಿದ್ದ ಕಡೆ ಬಣ್ಣ ಹಚ್ಚುವ ಮೊಂಡು ಚಾಕುವಿನಿಂದ (ಪೇಂಟಿಂಗ್ ನೈಫ್) ದಪ್ಪಗೆ ಒಂದೆರಡು ಏಟು ಹಾಕಿ ಬಿಟ್ಟುಬಿಡಿ. ಅದನ್ನೇ ಮತ್ತೆ ತಿದ್ದಿದರೆ ಬಣ್ಣ ರಾಡಿಯಾಗುತ್ತದೆ.

ಎಲೆಗಳ ಸಂದಿಗಳಲ್ಲಿ ಕಾಣುವ ಆಕಾಶವನ್ನು ಬಯಲಿನ ಆಕಾಶಕ್ಕಿಂತ ತುಸು ಮಂಕು ಮಾಡಿ. ಅಷ್ಟೇ ಬಿಳುಪಿದ್ದರೆ ಮರದ ಮುಂದಕ್ಕೆ ಬಂದು ಕೂರುತ್ತದೆ. ಮಾವಿನಲ್ಲಿ ಇಂಥ ಸಂದಿ ಕಡಿಮೆ, ನಾಲ್ಕೈದು ಸಾಕು. ರಸ್ತೆ ಬದಿಯ ಹುಣಸೆಯಾದರೆ ಎಲೆ ಸಣ್ಣ, ಅಂಚೆಲ್ಲ ಮಂಜುಮಂಜಾಗಿಯೇ ಇರಬೇಕು.

ಟ್ಯೂಬಿನ ಹಸಿರನ್ನು ಹಾಗೇ ಬಳಸಬೇಡಿ. ಲೆಮನ್ ಯೆಲ್ಲೋಗೆ ಐವರಿ ಬ್ಲ್ಯಾಕ್ ಬೆರೆಸಿದರೆ ಬಲಿತ ಮಾವಿನ ಎಲೆಯ ಮಂದ ಹಸಿರು ಸಿಗುತ್ತದೆ. ಆ ಎಲೆಗೆ ಹೊಳಪಿದೆ, ಮೇಲ್ಭಾಗದಲ್ಲಿ ಆಕಾಶ ಪ್ರತಿಫಲಿಸುತ್ತದೆ. ಅಲ್ಲಿ ನೀಲಿ ಬೂದಿ ಬಣ್ಣ ಬರಲಿ. ಕೆಂಪು ಚಿಗುರಿಗೆ ಬರ್ನ್ಟ್ ಸಿಯೆನ್ನಾ, ಚೂರು ಕ್ರಿಮ್ಸನ್ ಕೆಂಪು. ನಮ್ಮ ಬೇಸಿಗೆಯ ಆಕಾಶವೂ ಪೂರ್ತಿ ನೀಲಿಯಲ್ಲ. ಕೆಳಗೆ ಧೂಳಿನ ಬಿಳುಪು, ಮೇಲೆ ಹೋದಷ್ಟೂ ಗಾಢ. ಟೈಟಾನಿಯಂ ವೈಟ್‌ಗೆ ಚಿಟಿಕೆ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಬೆರೆಸಿ ದಿಗಂತದಿಂದ ಶುರುಮಾಡಿ.

ಭಾವ ಬರುವುದು ಒಂದನ್ನು ಮುಂದೆ ಮಾಡಿ ಇನ್ನೊಂದನ್ನು ಸುಮ್ಮನಿರಿಸಿದಾಗ. ಏಪ್ರಿಲ್ ಮಳೆಗೆ ಮೋಡ ಕಟ್ಟಿದ ಸಂಜೆಯಾದರೆ ಕುಂಚದ ಓಟವೆಲ್ಲ ಆಕಾಶಕ್ಕೇ ಇರಲಿ, ಮರ ಬರೀ ಕಪ್ಪು ಗುಂಪಾಗಿ ನಿಲ್ಲಲಿ. ಇದನ್ನು ಫೋಟೊ ಹೇಳಿಕೊಡದು. ಅದರಲ್ಲಿ ಆಕಾಶ ಸರಿಯಾದರೆ ನೆರಳು ಕಪ್ಪಾಗಿಬಿಡುತ್ತದೆ. ಇಂಗ್ಲೆಂಡಿನ ಚಿತ್ರಕಾರ ಜಾನ್ ಕಾನ್‌ಸ್ಟೆಬಲ್ 1821–22ರಲ್ಲಿ ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಬಯಲಲ್ಲೇ ನಿಂತು ಕಾಗದದ ಮೇಲೆ ಆಯಿಲ್ ಬಣ್ಣದಲ್ಲಿ ಮೋಡಗಳನ್ನು ಬರೆದ. ಎಷ್ಟೋ ಚಿತ್ರಗಳ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿಟ್ಟ. ನೀವೂ ಅಂಗೈ ಅಗಲದ ರಟ್ಟಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹಚ್ಚಿಕೊಂಡು ತೋಪಿಗೆ ಹೋಗಿ, ಅರ್ಧ ಗಂಟೆಯಲ್ಲಿ ಮುಗಿಸಿ. ದೊಡ್ಡ ಕ್ಯಾನ್ವಾಸಿಗೆ ಆ ರಟ್ಟುಗಳೇ ಆಧಾರವಾಗಲಿ.

ಬಣ್ಣದ ಕೆಳಗಿನ ಪದರ ತೆಳುವಾಗಿರಲಿ, ಮೇಲಿನದಕ್ಕೆ ಎಣ್ಣೆ ಹೆಚ್ಚಿರಲಿ. ತಿರುಗುಮುರುಗಾದರೆ ಮುಂದೆ ಬಿರುಕು ಬಿಡುತ್ತದೆ. ಕೊನೆಗೊಂದು ಎಚ್ಚರಿಕೆ: ಲಿನ್ಸೀಡ್ (ಅಗಸೆ) ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ. ಒಣಗುವಾಗ ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಹುದು. ಮನೆಯ ಹೊರಗೆ ಬಿಡಿಸಿ ಹರಡಿ ಒಣಗಿಸಿ.