‘ಇಂಥದ್ದನ್ನೆಲ್ಲ ಹೆಂಗಸರು ಓದ್ತಾರಾ ಮೇಡಂ?’

ಪ್ರಶ್ನೆ: ಮೇಡಂ, ನನಗೆ 36 ವರ್ಷ. ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಇಬ್ಬರು ಮಕ್ಕಳು. ಒಂದು ವರ್ಷದಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಮೊಬೈಲ್‌ನಲ್ಲಿ ಶೃಂಗಾರದ ಕತೆ ಓದುತ್ತೇನೆ. ಕೆಲವು ತುಂಬಾ ಬಿಚ್ಚಿ ಬರೆದವು. ಓದುವಾಗ ಖುಷಿ, ಆಮೇಲೆ ಅಳು. ಮೊನ್ನೆ ನಾದಿನಿ ನೋಡಿಬಿಟ್ಟಳು. ‘ಅತ್ತಿಗೆ, ಗಂಡಸರಾದರೆ ಸರಿ, ನೀವು ಇದನ್ನೆಲ್ಲ ಓದೋದಾ’ ಅಂದಳು. ನನ್ನ ಗಂಡ ಒಳ್ಳೆಯವರು. ನನಗೇ ಏನಾದರೂ ಕಾಯಿಲೆ ಇದೆಯಾ?

ಉತ್ತರ: ಕಾಯಿಲೆ ಇಲ್ಲ ತಂಗಿ. ಅದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನಕ್ಕೆ ಮಾತಾಡೋಣ.

ಮಡಿಕೇರಿಯಲ್ಲಿ ನನ್ನ ಹತ್ತಿರ ಬರುವ ಹೆಂಗಸರು ಬೆನ್ನುನೋವು, ಬಿಳಿಸೆರಗು, ಮುಟ್ಟಿನ ತೊಂದರೆ ಎಲ್ಲ ಹೇಳಿ ಮುಗಿಸಿ, ಔಷಧಿ ಚೀಟಿ ಮಡಚಿ ಪರ್ಸಿಗೆ ಹಾಕಿ, ಕೊಡೆ ಎತ್ತಿಕೊಂಡು ಬಾಗಿಲವರೆಗೆ ಹೋಗಿ ಅಲ್ಲಿ ನಿಲ್ಲುತ್ತಾರೆ. ‘ಮೇಡಂ, ಇನ್ನೊಂದು ವಿಷಯ...’ ಆ ಇನ್ನೊಂದು ವಿಷಯ ಎಷ್ಟೋ ಸಲ ನಿಮ್ಮದೇ. ಒಬ್ಬರಿಗೆ 50 ದಾಟಿತ್ತು. ತಾವು ಓದಿದ್ದನ್ನು ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ಬೆಳ್ಳಗಾಗಿತ್ತು. ನನಗೆ ಆ ಬೆರಳು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಯಾರಿಗೂ ಕೆಡುಕು ಮಾಡದ ಹೆಂಗಸು ಕದ್ದು ಸಿಕ್ಕಿಬಿದ್ದವರ ಹಾಗೆ ನಿಂತಿದ್ದರು.

ನಾದಿನಿಯ ಮೇಲೆ ಸಿಟ್ಟಾಗಬೇಡಿ. ಅವಳು ಕೇಳಿ ಬೆಳೆದದ್ದನ್ನೇ ನಿಮಗೆ ಹೇಳಿದ್ದಾಳೆ. ಗಂಡಸಿಗೆ ಆಸೆ ಜಾಸ್ತಿ, ಹೆಂಗಸಿಗೆ ಪ್ರೀತಿ ಇದ್ದರೆ ಸಾಕು, ಮಕ್ಕಳಾದ ಮೇಲೆ ಅದೆಲ್ಲ ಮುಗೀತು. ಹೀಗೇ ಅಲ್ವಾ ನಮಗೆಲ್ಲ ಹೇಳಿಕೊಟ್ಟದ್ದು? 1953ರಲ್ಲಿ ಅಮೆರಿಕದ ಲೈಂಗಿಕತೆಯ ಸಂಶೋಧಕ ಕಿನ್ಸೆ ಸಾವಿರಾರು ಹೆಂಗಸರನ್ನು ಮಾತಾಡಿಸಿ ಬರೆದ ವರದಿಯಲ್ಲೂ, ಶೃಂಗಾರದ ಚಿತ್ರಗಳಿಂದ ಹೆಂಗಸರ ಮನಸ್ಸು ಗಂಡಸರಷ್ಟು ಕೆರಳುವುದಿಲ್ಲ ಅಂತಲೇ ಇತ್ತು. ಆದರೆ ಅದು ಹೆಂಗಸರು ಬಾಯಿಬಿಟ್ಟು ಹೇಳಿದ್ದರ ಲೆಕ್ಕ. ಬಾಗಿಲ ಹತ್ತಿರ ನಿಂತು ತಡವರಿಸುವ ವಿಷಯವನ್ನು ಗುರುತಿಲ್ಲದವರ ಮುಂದೆ ಎಷ್ಟು ಜನ ಪೂರ್ತಿ ಹೇಳಿಯಾರು? 2019ರಲ್ಲಿ ಜರ್ಮನಿಯ ಸಂಶೋಧಕರು ಮಿದುಳಿನ ಸ್ಕ್ಯಾನ್ ಮಾಡಿದ್ದ 61 ಅಧ್ಯಯನಗಳನ್ನು, ಒಟ್ಟು 1,850 ಜನರದ್ದು, ಸೇರಿಸಿ ನೋಡಿದರು. ಇಂಥ ಚಿತ್ರ ಕಂಡಾಗ ಮಿದುಳು ಕೆಲಸ ಮಾಡುವ ರೀತಿಯಲ್ಲಿ ಗಂಡು ಹೆಣ್ಣಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಅವರಿಗೆ ಸಿಗಲಿಲ್ಲ.

ಇನ್ನು ‘ಗಂಡಸರಾದರೆ ಸರಿ’ ಅನ್ನುವ ಮಾತು. ಇದಕ್ಕೆ ನಮ್ಮ ಕಡೆಯ ಒಬ್ಬ ಹೆಂಗಸು ನೂರು ವರ್ಷದ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. 18ನೇ ಶತಮಾನದಲ್ಲಿ ತಂಜಾವೂರಿನ ಮುದ್ದುಪಳನಿ ಎಂಬಾಕೆ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಅಂತ ಶೃಂಗಾರ ಕಾವ್ಯ ಬರೆದರು. ಅದನ್ನು 1910ರಲ್ಲಿ ಮತ್ತೆ ಅಚ್ಚು ಹಾಕಿಸಿದ್ದು ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ. ಹೆಣ್ಣಿನ ಬಾಯಲ್ಲಿ ಬರಬಾರದ ಮಾತು ಅಂತ ದೊಡ್ಡ ಪಂಡಿತರೇ ಅಂದರು. ನಾಚಿಕೆ ಹೆಂಗಸರಿಗೆ ಮಾತ್ರವಾ, ಗಂಡಸರು ಇದಕ್ಕಿಂತ ಬಿಚ್ಚಿ ಬರೆದಿಲ್ಲವಾ ಅಂತ ನಾಗರತ್ನಮ್ಮ ನೇರವಾಗಿ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ನಿಷೇಧ ತೆಗೆಯುವ ಹೊತ್ತಿಗೆ ಸುಮಾರು 35 ವರ್ಷ ಕಳೆದಿತ್ತು. ನನಗೆ ಈ ಕತೆ ನೆನಪಾದಾಗಲೆಲ್ಲ ಎದೆ ತುಂಬಿ ಬರುತ್ತದೆ.

ಕೊಡಗಿನ ಹೆಂಗಸರು ಗಟ್ಟಿಗಿತ್ತಿಯರು ಅಂತ ಹೊರಗಿನವರು ಹೊಗಳುತ್ತಾರೆ. ಹೌದು, ತೋಟದ ಲೆಕ್ಕ ನೋಡುತ್ತೇವೆ, ಜೀಪು ಓಡಿಸುತ್ತೇವೆ, ಕೋವಿ ಹಿಡಿಯುತ್ತೇವೆ. ಈ ಒಂದು ವಿಷಯ ಬಂದರೆ ನಮಗೂ ಬಾಯಿ ಕಟ್ಟುತ್ತದೆ.

ನಿಮ್ಮನ್ನು ಅಳಿಸುವುದು ಇನ್ನೊಂದು ಇರಬಹುದು. ಕತೆಯಲ್ಲಿ ಇಷ್ಟವಾದದ್ದು ನಿಜಕ್ಕೂ ನನಗೆ ಬೇಕಾ, ಹಾಗಾದರೆ ನಾನು ಗಂಡನಿಗೆ ಮೋಸ ಮಾಡುತ್ತಿದ್ದೇನಾ ಅಂತ. ಹಾಗೇನೂ ಇಲ್ಲ. ಕೊಲೆಯ ಕಾದಂಬರಿಯನ್ನು ಒಂದೇ ಉಸಿರಿಗೆ ಓದುವವರು ಯಾರನ್ನೂ ಕೊಲ್ಲಲು ಹೊರಟಿರುವುದಿಲ್ಲ. ಮನಸ್ಸಿನ ಆಟಕ್ಕೆ ಅದರದ್ದೇ ಜಾಗ ಇದೆ. ಗಂಡನ ಮೇಲಿನ ಪ್ರೀತಿ ಅದರಿಂದ ಕಮ್ಮಿಯಾಗುವುದಿಲ್ಲ.

ಎಚ್ಚರ ಬೇಕಾದದ್ದು ಬೇರೆ ಕಡೆ. ನಿದ್ದೆ ಕೆಟ್ಟು ಹಗಲಿನ ಕೆಲಸ ನಿಲ್ಲುತ್ತಿದ್ದರೆ, ಬೇಡ ಅಂದುಕೊಂಡರೂ ಬಿಡಲು ಆಗದಿದ್ದರೆ ಬಂದು ಮಾತಾಡಿ. ಮಕ್ಕಳನ್ನು ಎಳೆದು ತಂದ ಬರಹ, ಚಿತ್ರ ಯಾವ ಕಾರಣಕ್ಕೂ ಬೇಡ. ಫೋನಿಗೆ ಲಾಕ್ ಹಾಕಿ, ಮಕ್ಕಳ ಕೈಗೆ ಸಿಗಬಾರದು. ಕತೆ ಕಳಿಸುತ್ತೇನೆ ಅಂತ ಗುರುತಿಲ್ಲದವರು ಫೋಟೋ ಕೇಳಿದರೆ ಕೊಡಬೇಡಿ. ಯಾರಾದರೂ ಹೆದರಿಸಿ ದುಡ್ಡು ಕೇಳಿದರೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ಅಪರಾಧದ ಸಹಾಯವಾಣಿ.

ಪ್ರಶ್ನೆ: ಹೆಂಡತಿ ಇಂಥ ಕತೆ ಓದುತ್ತಾಳೆ ಅಂತ ಈಗ ಗೊತ್ತಾಯಿತು. ನನ್ನಲ್ಲೇ ಏನಾದರೂ ಕಮ್ಮಿ ಇದೆಯಾ? (ಗೋಣಿಕೊಪ್ಪದಿಂದ ಒಬ್ಬ ಓದುಗರು)

ಉತ್ತರ: ಅವರು ಓದುತ್ತಾರೆ ಅನ್ನುವುದರಿಂದ ನಿಮ್ಮ ಬಗ್ಗೆ ಏನೂ ಗೊತ್ತಾಗುವುದಿಲ್ಲ ಅಣ್ಣ. ಸುಮ್ನೆ ಮನಸ್ಸು ಕೆಡಿಸಿಕೊಳ್ಳಬೇಡಿ. ಅವರ ಫೋನ್ ತೆಗೆದು ನೋಡಲೂಬೇಡಿ. ಇಬ್ಬರೇ ಇರುವಾಗ, ದೀಪ ಆರಿಸಿದ ಮೇಲೆ, ‘ಯಾವ ಕತೆ ಇಷ್ಟ ಆಯ್ತು, ನನಗೂ ಹೇಳು’ ಅಂತ ಮೆಲ್ಲಗೆ ಕೇಳಿ. ಹೇಳಿದರೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಆ ರಾತ್ರಿ ಅಲ್ಲಿಗೇ ಬಿಟ್ಟುಬಿಡಿ.