'ಕಾಮಿಡಿಯನ್ ಹಾರ್ಮೊನಿಸ್ಟ್ಸ್' ಸಿನಿಮಾ ನಿಜವಾದ ಕಥೆಯಾ?

ಹೌದು, ಬಹುಪಾಲು ನಿಜ. 1997ರಲ್ಲಿ ಬಂದ ಈ ಜರ್ಮನ್ ಸಿನಿಮಾದ ನಿರ್ದೇಶಕ ಯೋಸೆಫ್ ಫಿಲ್ಸ್‌ಮಾಯರ್. 1927ರ ಕೊನೆಯಲ್ಲಿ ಹ್ಯಾರಿ ಫ್ರೊಮ್ಮರ್‌ಮನ್ ಅನ್ನೋ ಹುಡುಗ ಗಾಯಕರು ಬೇಕು ಅಂತ ಬರ್ಲಿನ್‌ನ ಪೇಪರಿನಲ್ಲಿ ಜಾಹೀರಾತು ಕೊಟ್ಟ. ಹಾಗೆ ಸೇರಿದ್ದು ಐವರು ಗಾಯಕರು, ಒಬ್ಬ ಪಿಯಾನೋದವನು; ಸಿನಿಮಾದ ಹೆಸರೇ ಈ ತಂಡದ ಹೆಸರು. ತುತ್ತೂರಿಯಂಥ ವಾದ್ಯಗಳ ದನಿಯನ್ನೂ ಬಾಯಲ್ಲೇ ಹೊರಡಿಸುತ್ತಿದ್ದರು, ಹಾಡುಗಳೋ ಹೆಚ್ಚಾಗಿ ತಮಾಷೆ, ರಾಜಕೀಯದ ಸುದ್ದಿಗೇ ಹೋದವರಲ್ಲ.

ಆದರೆ ಆರು ಜನರಲ್ಲಿ ಮೂವರು ಯಹೂದಿ ಮೂಲದವರು. ಅವರಲ್ಲಿ ಎರಿಖ್ ಕಾಲಿನ್ ಕ್ರೈಸ್ತ ದೀಕ್ಷೆ ಪಡೆದಿದ್ದವನು, ನಾಜಿಗಳಿಗೆ ಅದೂ ಲೆಕ್ಕಕ್ಕೆ ಬರಲಿಲ್ಲ ನೋಡಿ. ಆಗ ಸಂಗೀತಗಾರರೆಲ್ಲ ಸರ್ಕಾರದ ಸಂಗೀತ ಮಂಡಳಿಯ ಸದಸ್ಯರಾಗಲೇಬೇಕಿತ್ತು. ಸದಸ್ಯತ್ವ ಇಲ್ಲ ಅಂದ್ರೆ ವೇದಿಕೆಯೂ ಇಲ್ಲ. ಹೊಡೆತ ಬಡಿತ ಏನೂ ಬೇಡ, ಒಂದು ಕಾಗದ ಸಾಕು, ಅನ್ನ ಹೋಯಿತು! 1935ರಲ್ಲಿ ಈ ಮೂವರನ್ನು ಮಂಡಳಿಗೆ ಸೇರಿಸಿಕೊಳ್ಳಲಿಲ್ಲ. ತಂಡ ಒಡೆಯಿತು. ಆ ಮೂವರು ವಿಯೆನ್ನಾಗೆ ಹೋಗಿ ಹೊಸ ತಂಡ ಕಟ್ಟಿದರು, ಉಳಿದವರು ಬರ್ಲಿನ್‌ನಲ್ಲಿ ಇನ್ನೊಂದು ಕಟ್ಟಿಕೊಂಡರು. ಎರಡಕ್ಕೂ ಹಳೇ ಕಳೆ ಬರಲಿಲ್ಲ.

ಸಿನಿಮಾದಲ್ಲಿ ಹ್ಯಾರಿ ಮತ್ತು ತಂಡದ ಇನ್ನೊಬ್ಬ ಗಾಯಕ ರಾಬರ್ಟ್ ಇಬ್ಬರೂ ಒಬ್ಬಳೇ ಹುಡುಗಿಯ ಹಿಂದೆ ಬೀಳೋ ಭಾಗ ನನಗೆ ಸ್ವಲ್ಪ ಜಾಸ್ತಿ ಎಳೆದಂತೆ ಅನ್ನಿಸಿತು, ಅಲ್ಲಿ ಸುಮ್ನೆ ಹಾಡು ಕೇಳಿಸಿದ್ದರೂ ಸಾಕಿತ್ತು. ಅಂದಹಾಗೆ ಆರೂ ಜನ ಯುದ್ಧ ಮುಗಿಯುವವರೆಗೂ ಬದುಕಿದ್ದರು. ಕೊನೆಯವನಾದ ರೋಮನ್ ಸಿಕೋವ್‌ಸ್ಕಿ ಅಮೆರಿಕದಲ್ಲಿ ತೀರಿಕೊಂಡಿದ್ದು 1998ರಲ್ಲಿ.