ಮೂಳೆ ಲೇಖನ: ಈಗಲೇ ಹಾಕಲಾಗದು, ಆದರೆ ಕೈಬಿಡಬೇಡಿ

ನಮಸ್ಕಾರ,

ಗದಗದಿಂದ ನೀವು ಕಳಿಸಿದ 'ಮೂಳೆ ಕಲ್ಲಾದ ಕಥೆ' ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ವಿಷಯ ಮಾತ್ರ ನನಗೆ ತುಂಬಾ ಹಿಡಿಸಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಡೈನೋಸಾರ್ ಪ್ಯಾರಾ ತೆಗೆದುಬಿಡಿ. ಕಪ್ಪತಗುಡ್ಡದ ಬಂಡೆಯಲ್ಲಿ ಹುಡುಕಿದರೆ ಸಿಗಬಹುದು ಅಂದಿದ್ದೀರಿ. ಆ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ಮೂಳೆ ಇರುವ ಜೀವಿಯೇ ಹುಟ್ಟಿರಲಿಲ್ಲ.

"ಮೂಳೆ ಕರಗಿ, ಅಚ್ಚಿಗೆ ಬೆಲ್ಲ ಹೊಯ್ದಂತೆ ಅಲ್ಲಿ ಕಲ್ಲು ತುಂಬುತ್ತದೆ" ಎಂಬ ನಿಮ್ಮ ಸಾಲು ಓದಲು ಚೆಂದ. ಹಾಗಾಗುವುದೂ ಉಂಟು. ಆದರೆ ಹೆಚ್ಚಿನ ಪಳೆಯುಳಿಕೆ ಮೂಳೆಗಳಲ್ಲಿ ನಡೆಯುವುದೇ ಬೇರೆ. ಮೂಳೆಯಲ್ಲಿ ಖನಿಜ ಮೊದಲೇ ಇದೆ: ಅಪಟೈಟ್, ಅಂದರೆ ಕ್ಯಾಲ್ಸಿಯಂ ಫಾಸ್ಫೇಟ್. ಅದರ ಜೊತೆ ಹೆಣೆದುಕೊಂಡ ಕೊಲಾಜೆನ್ ಎಂಬ ಪ್ರೋಟೀನ್ ಮಣ್ಣಿನಲ್ಲಿ ಕೊಳೆತು ಹೋಗುತ್ತದೆ. ರಕ್ತನಾಳ ಹಾದುಹೋಗಿದ್ದ ಸಣ್ಣ ಕೊಳವೆಗಳಲ್ಲಿ ಕ್ಯಾಲ್ಸೈಟ್, ಸಿಲಿಕಾ, ಕಬ್ಬಿಣದ ಖನಿಜಗಳು ಬಂದು ಕೂರುತ್ತವೆ. ಅಪಟೈಟ್ ಅಲ್ಲೇ ಇದ್ದು ಒಳಗೊಳಗೇ ಬದಲಾಗುತ್ತದೆ. ಅದರ ಹರಳುಗಳು ದೊಡ್ಡದಾಗುತ್ತವೆ. ನೆಲದ ನೀರಿನಿಂದ ಫ್ಲೋರೈಡ್ ಸೇರುತ್ತದೆ, ಯುರೇನಿಯಂ ಕೂಡ. ಫ್ಲೋರೈಡ್ ಸೇರಿದ ಅಪಟೈಟ್ ಸುಲಭಕ್ಕೆ ಕರಗುವುದಿಲ್ಲ. ಹಾಗಾಗಿಯೇ ಕೋಟಿಗಟ್ಟಲೆ ವರ್ಷದ ಮೂಳೆಯನ್ನು ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಆ ಕೊಳವೆಗಳ ಸುತ್ತಲಿನ ಉಂಗುರಗಳು ಎಷ್ಟೋ ಸಲ ಹಾಗೇ ಕಾಣುತ್ತವೆ. ಇಂಥದ್ದನ್ನು ಬಿಟ್ಟು ಬೆಲ್ಲದ ಅಚ್ಚು ಏಕೆ?

ಫ್ಲೋರೈಡ್ ಅಂದಕೂಡಲೇ ನಿಮಗೆ ಮುಂಡರಗಿ ನೆನಪಾಗಲಿಲ್ವಾ? ಆ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ಬದುಕಿರುವವರ ಮೂಳೆಯಲ್ಲೂ ಇದೇ ಅಪಟೈಟ್‌ಗೆ ಹೋಗಿ ಸೇರುತ್ತದೆ. ಜಾಸ್ತಿಯಾದರೆ ಕೀಲು ಬಿಗಿಯುತ್ತದೆ, ಬೆನ್ನು ಬಾಗುತ್ತದೆ. ನಿಮ್ಮ ಜಿಲ್ಲೆಯ ಓದುಗರಿಗೆ ಇದು ಪುಸ್ತಕದ ವಿಷಯವಲ್ಲ. ಲೇಖನ ಇಲ್ಲಿಂದಲೇ ಶುರುವಾಗಲಿ.

ಇನ್ನು "ಮೂಳೆ ಕಪ್ಪಾದಷ್ಟೂ ಹಳೆಯದು" ಎಂಬ ಮಾತು ತಪ್ಪು. ಆ ಬಣ್ಣ ಹೆಚ್ಚಾಗಿ ಕಬ್ಬಿಣ, ಮ್ಯಾಂಗನೀಸ್ ಕೊಟ್ಟದ್ದು. ನೀವು ಒಂದೇ ಸಾಲಿನಲ್ಲಿ ಮುಗಿಸಿದ ಪಿಲ್ಟ್‌ಡೌನ್ ಪ್ರಕರಣದಲ್ಲೇ ಇದಕ್ಕೆ ಉತ್ತರ ಇದೆ. 1912ರಲ್ಲಿ ಇಂಗ್ಲೆಂಡಿನಲ್ಲಿ ಆದಿಮಾನವನದೆಂದು ತೋರಿಸಿದ ಆ ಮೂಳೆಗಳಿಗೆ ಬಣ್ಣ ಹಚ್ಚಿ ಹಳೆಯದಾಗಿ ಕಾಣಿಸಿದ್ದರು. ನೆಲದಲ್ಲಿ ಇದ್ದಷ್ಟು ಕಾಲ ಮೂಳೆಗೆ ಫ್ಲೋರೈಡ್ ರೂಪದಲ್ಲಿ ಫ್ಲೋರೀನ್ ಸೇರುತ್ತದಲ್ಲ, ಮುಂದೆ ವಿಜ್ಞಾನಿ ಕೆನೆತ್ ಓಕ್ಲಿ ಆ ಮೂಳೆಗಳಲ್ಲಿ ಅದನ್ನೇ ಅಳೆದರು. 1953ರಲ್ಲಿ ಮೋಸ ಬಯಲಾಯಿತು. ಇದಕ್ಕೆ ಒಂದು ಪುಟ ಕೊಡಿ. ಫ್ಲೋರೀನ್ ನೋಡಿ ನೇರವಾಗಿ ವಯಸ್ಸು ಹೇಳಲಾಗದು, ಊರೂರಿಗೆ ನೀರು ಬೇರೆ ಅಲ್ವಾ? ಒಂದೇ ಗುಂಡಿಯ ಮೂಳೆಗಳನ್ನು ಹೋಲಿಸಬಹುದು, ಅಷ್ಟೇ. ಅದನ್ನೂ ಬಿಡದೆ ಬರೆದು, ಮತ್ತೆ ಕಳಿಸಿ.